ಬಟನ್ ಯಾರ ಕೈಲಿದೆ? ಆಟದೊಳಗಿನ ದೇಶಗಳ ಒಂದು ಚರಿತ್ರೆ

1/10

 ಈ ಸಲದ ಸರಣಿ ಕಟ್ಟಡದ ಬಗ್ಗೆ ಅಲ್ಲ, ಕೆರೆ ಬಗ್ಗೆ ಅಲ್ಲ, ಯಾವ ರಾಜನ ಬಗ್ಗೇನೂ ಅಲ್ಲ. ಭೂಪಟದಲ್ಲೇ ಇಲ್ಲದ ದೇಶಗಳ ಚರಿತ್ರೆ ಇದು. ಹತ್ತು ಫೋಟೋ, ಹತ್ತು ಕ್ಯಾಪ್ಷನ್. ಬಸ್ಸಲ್ಲಿದ್ರೆ ಈಗ್ಲೇ ಓದಿ, ಕ್ಲಾಸಲ್ಲಿದ್ರೆ ಆಮೇಲೆ ಓದಿ.

ಮೊದಲನೇ ಫೋಟೋ ಒಂದು ಹಳೇ ಸ್ಕ್ರೀನ್‌ಶಾಟ್, 2020ರದ್ದು. ಬಾವುಟ ಇದೆ ನೋಡಿ. ಅದರ ಕೆಳಗೆ ರಾಷ್ಟ್ರೀಯ ಪ್ರಾಣಿ: ಬೀದಿ ನಾಯಿ. ಕರೆನ್ಸಿ: ಖಾರಾ ಬನ್. ನಗಬೇಡಿ, ಆಗ ನಮಗೆಲ್ಲ ಹದಿನಾಲ್ಕು ವರ್ಷ. ಮರ್ಫಿ ಟೌನ್‌ನ ನಮ್ಮ ಬೀದಿ ಹೆಸರನ್ನೇ ಸ್ವಲ್ಪ ತಿರುಚಿ ಒಂದು ರೀಜನ್ ಮಾಡಿಕೊಂಡಿದ್ವಿ. ಅದರೊಳಗೆ ಐದು ಜನ ಕ್ಲಾಸ್‌ಮೇಟ್ಸ್, ಐದು ದೇಶ. ಆಟದ ಹೆಸರು ನೇಷನ್‌ಸ್ಟೇಟ್ಸ್.

ಈ ಐದು ದೇಶಗಳಲ್ಲಿ ಇವತ್ತು ಒಂದೂ ಉಳಿದಿಲ್ಲ. ಯುದ್ಧ ಆಗಲಿಲ್ಲ, ಹೊರಗಿನವರು ಯಾರೂ ದಾಳಿ ಮಾಡಲಿಲ್ಲ. ಕೆಡಿಸಿದ್ದು ನಾನೇ, ಒಂದು ರಾತ್ರಿ, ಒಂದು ಬಟನ್ ಒತ್ತಿ. ಅದರಿಂದ ಒಬ್ಬ ಗೆಳತಿ ಒಂದೂವರೆ ವರ್ಷ ನನ್ನ ಜೊತೆ ಮಾತಾಡಲಿಲ್ಲ.

ಆ ಕಥೆ ಒಂಬತ್ತನೇ ಫೋಟೋದಲ್ಲಿ ಹೇಳ್ತೀನಿ. ಅದಕ್ಕೆ ಮೊದಲು ಇಂಥ ಆಟದ ದೇಶಗಳಿಗೆ ನಿಜವಾದ ಚರಿತ್ರೆ ಇದೆ ಅನ್ನೋದು ನಿಮಗೆ ಗೊತ್ತಾಗಬೇಕು. ಇಪ್ಪತ್ತು ವರ್ಷಕ್ಕೂ ಮೀರಿದ ಚರಿತ್ರೆ. ದಂಗೆಗಳಿವೆ, ಸಂವಿಧಾನಗಳಿವೆ, ಗಡೀಪಾರು ಇದೆ. ನಾನು ಮಾಡಿದ ತಪ್ಪನ್ನ ನನಗಿಂತ ಹದಿನೇಳು ವರ್ಷ ಮುಂಚೆ ಇನ್ನೊಬ್ಬರು ಮಾಡಿದ್ರು, ಅದಕ್ಕೊಂದು ಸಿದ್ಧಾಂತಾನೂ ಹುಟ್ಟಿತ್ತು.

ಸ್ವೈಪ್ ಮಾಡಿ.

2/10

ಮೊದಲು ಆಟ ಹುಟ್ಟಿದ್ದು ಹೇಗೆ ಅಂತ ನೋಡೋಣ.

ಆಸ್ಟ್ರೇಲಿಯಾದಲ್ಲಿ ಮ್ಯಾಕ್ಸ್ ಬ್ಯಾರಿ ಅಂತ ಒಬ್ಬ ಕಾದಂಬರಿಕಾರ. ಅವರ ‘ಜೆನ್ನಿಫರ್ ಗವರ್ನ್‌ಮೆಂಟ್’ ಕಾದಂಬರಿ 2003ರ ಜನವರಿಯಲ್ಲಿ ಬರೋದಿತ್ತು. ಆ ಕಥೆಯ ಲೋಕದಲ್ಲಿ ಕಂಪನಿಗಳದ್ದೇ ರಾಜ್ಯ. ಜನ ಯಾವ ಕಂಪನಿಗೆ ಕೆಲಸ ಮಾಡ್ತಾರೋ ಅದೇ ಅವರ ಸರ್‌ನೇಮ್. ಪುಸ್ತಕಕ್ಕೆ ಪ್ರಚಾರ ಸಿಗಲಿ ಅಂತ ಬ್ಯಾರಿ ಒಂದು ಸಣ್ಣ ಆಟ ಬರೆದ್ರು. 2002ರ ನವೆಂಬರ್ 13ರಂದು ಅದು ಶುರುವಾಯ್ತು.

ಆಡೋದು ತುಂಬಾ ಸುಲಭ. ನೀವು ಒಂದು ದೇಶ ಮಾಡ್ತೀರಿ. ಹೆಸರು, ಬಾವುಟ, ಪ್ರಾಣಿ, ಕರೆನ್ಸಿ, ಧ್ಯೇಯವಾಕ್ಯ ಎಲ್ಲಾ ನಿಮ್ಮಿಷ್ಟ. ಆಮೇಲೆ ಆಟ ನಿಮ್ಮ ಮುಂದೆ ಒಂದೊಂದೇ ಸಮಸ್ಯೆ ಇಡುತ್ತೆ. ಮತದಾನ ಕಡ್ಡಾಯ ಮಾಡ್ಬೇಕಾ? ಪತ್ರಿಕೆಗಳಿಗೆ ಲಗಾಮು ಹಾಕ್ಬೇಕಾ? ಮೂರು ನಾಲ್ಕು ಉತ್ತರ ಕೊಟ್ಟಿರ್ತಾರೆ, ಒಂದು ಆರಿಸಬೇಕು. ಪೂರ್ತಿ ಒಳ್ಳೇದು ಅನ್ನೋ ಉತ್ತರ ಒಂದೂ ಇರಲ್ಲ, ಮಜಾ ಇರೋದೇ ಅಲ್ಲಿ. ನಾಗರಿಕ ಹಕ್ಕು ಏರಿದ್ರೆ ಇನ್ನೇನೋ ಇಳಿಯುತ್ತೆ. ನಿಮ್ಮ ಉತ್ತರ ನೋಡಿ ಆಟ ನಿಮ್ಮ ದೇಶಕ್ಕೊಂದು ಬಿರುದೂ ಕೊಡುತ್ತೆ. ನನ್ನ ಬೀದಿ ನಾಯಿ ದೇಶಕ್ಕೆ ಸಿಕ್ಕಿದ್ದು ‘ಯಾರ ಮನಸ್ಸನ್ನೂ ನೋಯಿಸದ ಮಧ್ಯಮಪಂಥಿ ಪ್ರಜಾಪ್ರಭುತ್ವ’ ಅನ್ನೋ ಅರ್ಥದ ಇಂಗ್ಲಿಷ್ ಬಿರುದು. ಒಂಬತ್ತನೇ ಫೋಟೋ ಓದಿದ ಮೇಲೆ ಇದು ನೆನಪಾದ್ರೆ ನಕ್ಕುಬಿಡಿ.

ಬ್ಯಾರಿ ಒಂದು ಕೆಲಸ ಮಾತ್ರ ಮಾಡಲಿಲ್ಲ. ದೇಶ ದೇಶಗಳ ನಡುವೆ ಏನಾಗಬೇಕು ಅಂತ ಬರೆಯಲೇ ಇಲ್ಲ. ಸೈನ್ಯ ನುಗ್ಗಿಸೋ ಬಟನ್ ಇಲ್ಲ, ಗೆದ್ದವರು ಸೋತವರು ಅನ್ನೋ ಪಟ್ಟಿ ಇಲ್ಲ. ಒಪ್ಪಂದ, ದ್ರೋಹ, ರಾಯಭಾರಿ, ಗುಪ್ತಚರ ಎಲ್ಲವನ್ನೂ ಆಡೋರೇ ಹುಟ್ಟುಹಾಕಿದ್ರು. ಚರಿತ್ರೆ ಹುಟ್ಟಿದ್ದು ಆ ಖಾಲಿ ಜಾಗದಲ್ಲಿ.

3/10

ಖಾಲಿ ಜಾಗ ಸಿಕ್ಕರೆ ಜನ ದೇಶ ಕಟ್ತಾರೆ. ಇದು ಇಂಟರ್‌ನೆಟ್‌ನಿಂದ ಶುರುವಾಗಿದ್ದೇನೂ ಅಲ್ಲ.

1826ರಲ್ಲಿ ಇಂಗ್ಲೆಂಡಿನ ಹಾವರ್ತ್ ಅನ್ನೋ ಊರಲ್ಲಿ ಒಬ್ಬ ಪಾದ್ರಿ ತನ್ನ ಮಗನಿಗೆ ಹನ್ನೆರಡು ಮರದ ಸೈನಿಕರ ಗೊಂಬೆ ತಂದುಕೊಟ್ಟರು. ಆ ಮನೆಯ ನಾಲ್ಕು ಮಕ್ಕಳು ಆ ಗೊಂಬೆಗಳಿಗೆ ಹೆಸರಿಟ್ಟು, ಊರು ಕಟ್ಟಿ, ರಾಜ್ಯ ಮಾಡಿ, ಬೆಂಕಿಪೊಟ್ಟಣದಷ್ಟು ಚಿಕ್ಕ ಪುಸ್ತಕಗಳಲ್ಲಿ ಅದರ ಚರಿತ್ರೆ ಬರೆದ್ರು. ಆ ಮಕ್ಕಳೇ ಬ್ರಾಂಟೆಗಳು: ಶಾರ್ಲೆಟ್, ಬ್ರಾನ್‌ವೆಲ್, ಎಮಿಲಿ, ಆ್ಯನ್. ದೊಡ್ಡವರಾದ ಮೇಲೆ ಆ ಮೂವರು ಹೆಣ್ಣುಮಕ್ಕಳು ಬರೆದ ಕಾದಂಬರಿಗಳನ್ನ ಇಂಗ್ಲಿಷ್ ಮೇಜರ್ ಓದ್ತಿರೋರಿಗೆ ನಾನು ಹೇಳಬೇಕಾಗಿಲ್ಲ.

ಆಮೇಲೆ ಬಂದಿದ್ದು ‘ಡಿಪ್ಲೊಮಸಿ’. ಅಲನ್ ಕ್ಯಾಲಮರ್ ಅನ್ನೋ ಅಮೆರಿಕದವರು 1954ರಲ್ಲಿ ರೂಪಿಸಿ, 1959ರಲ್ಲಿ ತಾವೇ ಹೊರತಂದ ಬೋರ್ಡ್ ಗೇಮ್. ಮೊದಲನೇ ಮಹಾಯುದ್ಧಕ್ಕೆ ಮುಂಚಿನ ಯುರೋಪು, ಏಳು ಶಕ್ತಿಗಳು, ಏಳು ಆಟಗಾರರು. ದಾಳ ಇಲ್ಲ. ಮೊದಲು ಎಲ್ರೂ ಮೂಲೆ ಮೂಲೆಗೆ ಹೋಗಿ ಗುಟ್ಟಾಗಿ ಮಾತಾಡ್ತಾರೆ. ಆಮೇಲೆ ತಮ್ಮ ನಡೆಯನ್ನ ಚೀಟಿಲಿ ಬರೀತಾರೆ, ಎಲ್ಲರ ಚೀಟಿ ಒಟ್ಟಿಗೇ ತೆರೆಯುತ್ತೆ. ಕೊಟ್ಟ ಮಾತು ಉಳಿಸಿಕೊಳ್ಳಲೇಬೇಕು ಅಂತ ರೂಲೇ ಇಲ್ಲ. ಎಷ್ಟು ಗೆಳೆತನ ಮುರಿದಿದೆಯೋ ಲೆಕ್ಕ ಇಟ್ಟವರಿಲ್ಲ.

1963ರಿಂದ ಈ ಆಟ ಅಂಚೆಯಲ್ಲೂ ನಡೀತು. ಬೇರೆ ಬೇರೆ ಊರಲ್ಲಿ ಕೂತು ಕಾಗದ ಬರೆದು ಯುರೋಪನ್ನ ಹಂಚಿಕೊಳ್ಳೋದು. ಒಂದೊಂದು ಆಟ ತಿಂಗಳುಗಟ್ಟಲೆ. ಕ್ಯಾಲಮರ್ ಕೂಡ ಮುಂದೆ ಅಂಚೆಯಣ್ಣನಾಗೇ ಕೆಲಸ ಮಾಡಿದ್ರು, ಇದು ನನಗೆ ತುಂಬಾ ಇಷ್ಟವಾದ ವಿಷಯ.

ಮರದ ಗೊಂಬೆ, ಅಂಚೆ ಕಾಗದ, ಆಮೇಲೆ ಬ್ರೌಸರ್. ಒಂದು ವ್ಯತ್ಯಾಸ ಇದೆ. ಗೊಂಬೆ ಮುರಿದರೆ ಕಾಣುತ್ತೆ, ಕಾಗದ ಹರಿದರೆ ಕಾಣುತ್ತೆ. ಬ್ರೌಸರ್ ಆಟದಲ್ಲಿ ಯಾರ ಕೈಲಿ ಏನು ಅಧಿಕಾರ ಇದೆ ಅನ್ನೋದು ಕೋಡ್ ಒಳಗಿರುತ್ತೆ. ಅದು ಕಣ್ಣಿಗೆ ಬೀಳೋದು ಯಾರಾದ್ರೂ ಅದನ್ನ ಉಪಯೋಗಿಸಿದಾಗಲೇ.

4/10

ಈ ಕ್ಯಾಪ್ಷನ್ ಸ್ವಲ್ಪ ಟೆಕ್ನಿಕಲ್. ಬಿಟ್ಟು ಹೋಗ್ಬೇಡಿ, ಮುಂದಿನದೆಲ್ಲ ಇದರ ಮೇಲೇ ನಿಂತಿದೆ.

ನೇಷನ್‌ಸ್ಟೇಟ್ಸ್‌ನಲ್ಲಿ ಪ್ರತಿ ದೇಶವೂ ಒಂದು ರೀಜನ್ ಒಳಗೆ ಇರುತ್ತೆ. ಹೊಸದಾಗಿ ಹುಟ್ಟಿದ ದೇಶಗಳು ಬಂದು ಬೀಳೋಕೆ ಆಟವೇ ಮಾಡಿದ ದೊಡ್ಡ ರೀಜನ್‌ಗಳಿವೆ: ದಿ ಪೆಸಿಫಿಕ್, ದಿ ನಾರ್ತ್ ಪೆಸಿಫಿಕ್, ದಿ ಸೌತ್ ಪೆಸಿಫಿಕ್, ಹೀಗೆ. ಬೇಕಿದ್ರೆ ನಾವೇ ಒಂದು ರೀಜನ್ ಮಾಡಿಕೊಳ್ಳಬಹುದು. ಮಾಡಿದವರು ಫೌಂಡರ್.

ಆಟದೊಳಗೆ ವಿಶ್ವಸಂಸ್ಥೆ ಥರದ ಒಂದು ಸಭೆ ಇದೆ. ನೀವು ಎಷ್ಟು ದೇಶ ಬೇಕಾದ್ರೂ ಮಾಡಿ, ಆದರೆ ಆ ಸಭೆಯಲ್ಲಿ ಒಬ್ಬ ಮನುಷ್ಯನಿಗೆ ಒಂದೇ ದೇಶ. ಒಂದೇ ರೀಜನ್‌ನಲ್ಲಿರೋ ಸದಸ್ಯ ದೇಶಗಳು ಒಂದಕ್ಕೊಂದು ಬೆಂಬಲ ಒತ್ತಬಹುದು. ಅತಿ ಹೆಚ್ಚು ಬೆಂಬಲ ಯಾರಿಗಿದೆಯೋ ಅವರೇ ಆ ರೀಜನ್‌ನ ಡೆಲಿಗೇಟ್. ದಿನಕ್ಕೆ ಎರಡು ಸಲ ಆಟ ಎಲ್ಲವನ್ನೂ ಮತ್ತೆ ಲೆಕ್ಕ ಹಾಕುತ್ತೆ. ಆ ಕ್ಷಣದಲ್ಲಿ ಮುಂದಿದ್ದವರು ಗದ್ದುಗೆಗೆ ಏರ್ತಾರೆ. ಇದನ್ನೇ ಹಿಡ್ಕೊಂಡು ಕೆಲವರು ‘ರೈಡರ್’ಗಳಾದ್ರು. ಲೆಕ್ಕ ಹಾಕೋಕೆ ಕೆಲವೇ ಸೆಕೆಂಡ್ ಇರೋವಾಗ ಗುಂಪಾಗಿ ಒಳಗೆ ನುಗ್ಗಿ, ತಮ್ಮವನೊಬ್ಬನಿಗೆ ಬೆಂಬಲ ಒತ್ತಿ, ರೀಜನ್ ಕಸಿದುಕೊಳ್ಳೋದು. ಅವರನ್ನ ತಡೆಯೋರು ‘ಡಿಫೆಂಡರ್’ಗಳು.

ನಾವು ಆಡ್ತಿದ್ದಾಗ ಡೆಲಿಗೇಟ್‌ಗೂ ಫೌಂಡರ್‌ಗೂ ಒಂದು ಬಟನ್ ಇರ್ತಿತ್ತು. ಬೇಡವಾದ ದೇಶವನ್ನ ರೀಜನ್‌ನಿಂದ ಹೊರಗೆ ಹಾಕೋದು, ಮತ್ತೆ ಬರದ ಹಾಗೆ ಬ್ಯಾನ್ ಮಾಡೋದು. ಹೊರಹಾಕಿದವರು ಹೋಗಿ ಬೀಳೋದು ‘ದಿ ರಿಜೆಕ್ಟೆಡ್ ರೆಲ್ಮ್ಸ್’ ಅನ್ನೋ ಜಾಗಕ್ಕೆ. ತಿರಸ್ಕೃತರ ಲೋಕ. ಅಲ್ಲಿಂದ ಮಾತ್ರ ಯಾರನ್ನೂ ಯಾರೂ ಓಡಿಸೋ ಹಾಗಿಲ್ಲ.

ಇನ್ನೊಂದು ನಿಯಮ. 28 ದಿನ ಲಾಗಿನ್ ಆಗದಿದ್ರೆ ನಿಮ್ಮ ದೇಶ ಇಲ್ಲವಾಗುತ್ತೆ. ರಜೆ ಅಂತ ಮೊದಲೇ ಹೇಳಿದ್ರೆ 60 ದಿನ.

ಬಟನ್ ಒಂದು, 28 ದಿನ ಒಂದು. ಎರಡನ್ನೂ ನೆನಪಿಟ್ಕೊಳ್ಳಿ.

5/10

2003. ಆಟ ಶುರುವಾಗಿ ಇನ್ನೂ ಒಂದು ವರ್ಷ ಆಗಿಲ್ಲ. ದಿ ಪೆಸಿಫಿಕ್ ರೀಜನ್‌ನಲ್ಲಿ ‘ಫ್ರಾಂಕೋಸ್ ಸ್ಪೇನ್’ ಅನ್ನೋ ದೇಶ ಡೆಲಿಗೇಟ್ ಆಯ್ತು. ಅದನ್ನ ಆಡ್ತಿದ್ದವರ ನಿಜವಾದ ಹೆಸರು ನಮಗೆ ಬೇಡ, ಚರಿತ್ರೆಯಲ್ಲಿ ಉಳಿದಿರೋದು ಆಟದ ಹೆಸರೇ.

ಅಲ್ಲೀವರೆಗೆ ದೊಡ್ಡ ರೀಜನ್‌ನ ಡೆಲಿಗೇಟ್ ಅಂದ್ರೆ ಹೆಚ್ಚುಕಮ್ಮಿ ಕ್ಲಾಸ್ ಮಾನಿಟರ್ ಥರ. ಫ್ರಾಂಕೋಸ್ ಸ್ಪೇನ್ ಬಂದು ಬಟನ್ ಉಪಯೋಗಿಸೋಕೆ ಶುರು ಮಾಡ್ತು. ಎದುರು ನಿಂತವರನ್ನ ಹೊರಗೆ ಹಾಕ್ತು. ಆ ವರ್ಷವೇ ‘ನ್ಯೂ ಪೆಸಿಫಿಕ್ ಆರ್ಡರ್’ ಅನ್ನೋ ಆಡಳಿತ ಘೋಷಣೆ ಆಯ್ತು. ಅದರ ಮುಖ್ಯಸ್ಥನಿಗೆ ಚಕ್ರವರ್ತಿ ಅನ್ನೋ ಪದವಿ.

ಬೇರೆ ದಂಗೆಗಳಂತೆ ಇದು ಒಂದು ವಾರದ ಗಲಾಟೆಯಾಗಿ ಮುಗಿಯಲಿಲ್ಲ, ಯಾಕಂದ್ರೆ ಅವರು ಬರೆದ್ರು. ಉದ್ದುದ್ದ ಪ್ರಬಂಧ ಬರೆದ್ರು. ಈ ಆಟದಲ್ಲಿ ಅಧಿಕಾರ ಅಂದ್ರೇನು, ದೊಡ್ಡ ರೀಜನ್‌ಗಳನ್ನ ಹೊರಗಿನವರು ಯಾಕೆ ಆಳಬಾರದು, ಗಟ್ಟಿಯಾದ ಕೈ ಯಾಕೆ ಬೇಕು. ಅದಕ್ಕೆ ‘ಫ್ರಾಂಕೋಯಿಸಂ’ ಅಂತ ಹೆಸರೂ ಬಿತ್ತು. ಒಂದು ಜಾಹೀರಾತಿಗೆ ಹುಟ್ಟಿದ ಆಟದೊಳಗೆ ರಾಜಕೀಯ ಸಿದ್ಧಾಂತ!

ಆ ವಾದವನ್ನ ಓದುವಾಗ ನನಗೆ ಹೆದರಿಕೆ ಆಯ್ತು. ಕೆಟ್ಟದಾಗಿ ಬರೆದಿದ್ದಾರೆ ಅಂತಲ್ಲ, ಅರ್ಧ ಸರಿ ಅನಿಸುತ್ತೆ ಅಂತ. ಮನೆ ಬಾಗಿಲು ತೆರೆದಿಟ್ರೆ ಕಳ್ಳ ಬರ್ತಾನೆ, ಹಾಗಾಗಿ ಬಾಗಿಲಲ್ಲಿ ಒಬ್ಬ ಬಲಶಾಲಿ ನಿಂತಿರಲಿ. ಕೇಳೋಕೆ ನ್ಯಾಯವಾಗೇ ಇದೆ. ಆದರೆ ಆ ಬಲಶಾಲಿ ಮನೆಯವರನ್ನೇ ಹೊರಗೆ ದಬ್ಬಿದ್ರೆ ಯಾರನ್ನ ಕೇಳೋದು? ಅದಕ್ಕೆ ಅವರ ಪ್ರಬಂಧಗಳಲ್ಲಿ ನನಗೆ ಉತ್ತರ ಸಿಗಲಿಲ್ಲ.

ಆಗ ಜನ ಎರಡು ದಾರಿ ಹುಡುಕಿದ್ರು. ಒಂದು, ಬಟನ್ನನ್ನೇ ಬದಲಾಯಿಸೋದು. ಇನ್ನೊಂದು, ಬಟನ್ ಹಿಡಿದವರ ಕೈಗೆ ಕಾಗದದ ಕಟ್ಟು ಹಾಕೋದು.

6/10

ಮೊದಲನೇ ದಾರಿ: ಬಟನ್ ಬದಲಾಯಿಸೋದು. ಇದನ್ನ ಆಟ ನಡೆಸೋರೇ ಮಾಡ್ಬೇಕು.

2006ರಲ್ಲಿ ‘ಇನ್‌ಫ್ಲುಯೆನ್ಸ್’ ಅನ್ನೋದು ಬಂತು. ಒಂದು ರೀಜನ್‌ನಲ್ಲಿ ಎಷ್ಟು ಕಾಲ ಇದ್ದೀರಿ, ಎಷ್ಟು ಬೆಂಬಲ ಗಳಿಸಿದ್ದೀರಿ ಅನ್ನೋದರ ಮೇಲೆ ನಿಮಗೊಂದು ತೂಕ ಕೂಡುತ್ತಾ ಹೋಗುತ್ತೆ. ಡೆಲಿಗೇಟ್ ಯಾರನ್ನಾದ್ರೂ ಹೊರಹಾಕಿದ್ರೆ ತನ್ನ ತೂಕದಿಂದ ಅಷ್ಟು ಖರ್ಚು ಮಾಡ್ಬೇಕು. ಹಳಬರನ್ನ ಓಡಿಸೋದು ದುಬಾರಿ, ನಿನ್ನೆ ಬಂದವನನ್ನ ಓಡಿಸೋದು ಅಗ್ಗ. ಅಂದ್ರೆ ದಬ್ಬಾಳಿಕೆಗೆ ನಿಷೇಧ ಇಲ್ಲ, ರೇಟ್ ಇದೆ. ಗಮನಿಸಿ: ಈ ರೇಟ್ ಡೆಲಿಗೇಟ್‌ಗೆ. ಫೌಂಡರ್‌ಗೆ ಖರ್ಚೇ ಇಲ್ಲ.

2008ರಲ್ಲಿ ತಮಾಷೆ ಒಂದು ನಡೀತು. ಅಲ್ಲೀವರೆಗೆ ಆಟದೊಳಗಿನ ಸಭೆಯ ಹೆಸರೇ ‘ಯುನೈಟೆಡ್ ನೇಷನ್ಸ್’. ನಿಜವಾದ ವಿಶ್ವಸಂಸ್ಥೆಯಿಂದ ಬ್ಯಾರಿಗೆ ಕಾಗದ ಬಂತು, ನಮ್ಮ ಹೆಸರು, ಲಾಂಛನ ಬಳಸೋದು ನಿಲ್ಸಿ ಅಂತ. ಏಪ್ರಿಲ್ 1ಕ್ಕೆ ಸಭೆಯ ಹೆಸರು ‘ವರ್ಲ್ಡ್ ಅಸೆಂಬ್ಲಿ’ ಆಯ್ತು. ಏಪ್ರಿಲ್ ಫೂಲ್ ಅಂತ ಎಲ್ರೂ ನಕ್ಕರು. ಕಾಗದ ನಿಜವಾಗಿತ್ತು. ಹೆಸರು ಇವತ್ತಿಗೂ ಅದೇ.

2009ರಲ್ಲಿ ಅದೇ ಸಭೆಗೆ ಭದ್ರತಾ ಮಂಡಳಿ ಸೇರ್ತು. ಯಾರೋ ಒಂದು ರೀಜನ್ ಕಸಿದುಕೊಂಡು ಪಾಸ್‌ವರ್ಡ್ ಹಾಕಿ ಕೂತ್ರೆ, ಸಭೆಯ ಸದಸ್ಯ ದೇಶಗಳು ಮತ ಹಾಕಿ ಆ ಪಾಸ್‌ವರ್ಡ್ ತೆಗೆಸಬಹುದು. ಇದಕ್ಕೆ ‘ಲಿಬರೇಷನ್’ ಅಂತಾರೆ.

ಆದರೂ ಒಂದು ತೂತು ಹಾಗೇ ಉಳೀತು. ಫೌಂಡರ್‌ನ ದೇಶ ಇರೋವರೆಗೂ ಆ ರೀಜನ್ ಯಾರ ಕೈಗೂ ಸಿಗ್ತಿರಲಿಲ್ಲ. ಅವರು ಆಟ ಬಿಟ್ಟು 28 ದಿನ ಕಳೆದ್ರೆ ರೀಜನ್ ಅನಾಥ, ರೈಡರ್‌ಗಳಿಗೆ ಹಬ್ಬ. ಅಧಿಕಾರವನ್ನ ಇನ್ನೊಬ್ಬರಿಗೆ ದಾಟಿಸೋ ಸರಿಯಾದ ವ್ಯವಸ್ಥೆ ಬರೋಕೆ 2023ರವರೆಗೆ ಕಾಯಬೇಕಾಯ್ತು. ಕಟ್ಟಿದವರು ಹೋದ ಮೇಲೆ ಯಾರು ಅನ್ನೋ ಪ್ರಶ್ನೆಗೆ ಆಟಕ್ಕೇ ಇಪ್ಪತ್ತು ವರ್ಷ ಬೇಕಾಯ್ತು ನೋಡಿ.

7/10

ಎರಡನೇ ದಾರಿ: ಕಾಗದ.

ದಿ ನಾರ್ತ್ ಪೆಸಿಫಿಕ್ ಕೂಡ ಶುರುವಿನ ವರ್ಷಗಳಲ್ಲಿ ದಂಗೆ ಕಂಡ ಜಾಗ. ಅಲ್ಲಿನ ಆಟಗಾರರು ಕೂತು ಸಂವಿಧಾನ ಬರೆದ್ರು. ಹಕ್ಕುಗಳ ಪಟ್ಟಿ, ಕಾನೂನು ಸಂಹಿತೆ, ಶಾಸನ ಮಾಡೋಕೆ ಒಂದು ಪ್ರಾದೇಶಿಕ ಸಭೆ, ಅದಕ್ಕೆ ಸ್ಪೀಕರ್, ತೀರ್ಪು ಕೊಡೋಕೆ ನ್ಯಾಯಾಲಯ. ಡೆಲಿಗೇಟ್ ಹುದ್ದೆಗೆ ನಾಲ್ಕು ತಿಂಗಳಿಗೊಮ್ಮೆ ಚುನಾವಣೆ. ಸೋತ ಡೆಲಿಗೇಟ್ ತನ್ನ ಬೆಂಬಲಿಗರಿಗೆ ತಾನೇ ಹೇಳ್ಬೇಕು: ನನಗೆ ಕೊಟ್ಟಿದ್ದನ್ನ ವಾಪಸ್ ತಗೊಂಡು ಗೆದ್ದವರಿಗೆ ಕೊಡಿ.

ಈಗ ಇದನ್ನ ನಿಧಾನಕ್ಕೆ ಓದಿ. ಈ ಸಂವಿಧಾನ ಆಟದ ಕೋಡ್‌ಗೆ ಗೊತ್ತೇ ಇಲ್ಲ. ಕೋಡ್‌ಗೆ ಗೊತ್ತಿರೋದು ಯಾರಿಗೆ ಎಷ್ಟು ಬೆಂಬಲ ಅನ್ನೋ ಲೆಕ್ಕ ಮಾತ್ರ. ಸೋತ ಡೆಲಿಗೇಟ್ ‘ಇಳಿಯಲ್ಲ’ ಅಂದ್ರೆ ಕೋಡ್ ಅವನ ಪರವಾಗೇ ನಿಲ್ಲುತ್ತೆ. ನ್ಯಾಯಾಲಯದ ತೀರ್ಪನ್ನ ಜಾರಿ ಮಾಡೋ ಪೊಲೀಸ್ ಇಲ್ಲ. ಹಾಗಿದ್ರೂ ನಾಲ್ಕು ತಿಂಗಳಿಗೊಮ್ಮೆ ಒಬ್ಬರು ಇಳೀತಾರೆ, ಇನ್ನೊಬ್ಬರು ಏರ್ತಾರೆ. ಬಟನ್ ಕೈಲಿದ್ದೂ ಒತ್ತದೇ ಇರೋದನ್ನ ರೂಢಿ ಮಾಡಿಕೊಂಡಿದ್ದಾರೆ.

ರೂಢಿ ಮುರಿದವರಿಗೆ ಏನಾಗುತ್ತೆ? ಪಕ್ಕದ ಆಟದಿಂದ ಒಂದು ಉದಾಹರಣೆ. 2006ರಲ್ಲಿ ‘ಸೈಬರ್ ನೇಷನ್ಸ್’ ಅನ್ನೋ ಆಟ ಶುರುವಾಯ್ತು. ಐದನೇ ಫೋಟೋದ ನ್ಯೂ ಪೆಸಿಫಿಕ್ ಆರ್ಡರ್ ಅಲ್ಲಿಗೂ ಹೋಗಿ ದೊಡ್ಡ ಶಕ್ತಿ ಆಯ್ತು. ಸೋತವರ ಮೇಲೆ ಕಠಿಣ ಷರತ್ತು ಹೇರಿ ಹೇರಿ ವರ್ಷಗಟ್ಟಲೆ ಮೆರೀತು. 2009ರ ಏಪ್ರಿಲ್‌ನಲ್ಲಿ ಸಣ್ಣ ಒಕ್ಕೂಟವೊಂದರ ಮೇಲೆ ದಾಳಿ ಮಾಡಿದಾಗ, ಅಲ್ಲೀವರೆಗೆ ನೋವು ನುಂಗಿಕೊಂಡಿದ್ದವರೆಲ್ಲ ಒಟ್ಟಾಗಿ ತಿರುಗಿಬಿದ್ರು. ಆ ಕೂಟ ತನಗೆ ಇಟ್ಟುಕೊಂಡ ಹೆಸರು ‘ಕರ್ಮ’. ಹೌದು, ನಮ್ಮ ಅಜ್ಜಿಯಂದಿರು ‘ನಿನ್ನ ಕರ್ಮ ಕಣೋ’ ಅಂತಾರಲ್ಲ, ಅದೇ. ಆ ಆಟದ ಚರಿತ್ರೆಯಲ್ಲಿ ಅದು ‘ಕರ್ಮ ಯುದ್ಧ’. ಆರ್ಡರ್ ಸೋತು, ತಾನು ಬೇರೆಯವರಿಗೆ ಕೊಡ್ತಿದ್ದಂಥ ಷರತ್ತುಗಳನ್ನೇ ಒಪ್ಪಿಕೊಳ್ಳಬೇಕಾಯ್ತು.

8/10

ಎಂಟನೇ ಫೋಟೋ ನೋಡಿ ‘ಇದೇನೋ, ನಮ್ಮ ಏರಿಯಾ ಯಾಕೆ ಬಂತು’ ಅಂತೀರಾ. ಹೌದು, ಇದು ಮರ್ಫಿ ಟೌನ್ ಬೀದಿ. ಹಲಸೂರಿಗೂ ಇಂದಿರಾನಗರಕ್ಕೂ ನಡುವೆ, ಹಳೇ ಮದ್ರಾಸ್ ರೋಡ್‌ಗೆ ಹತ್ತಿರ. ಹೆಸರು ಕಂಟೋನ್ಮೆಂಟ್ ಕಾಲದ ಮರ್ಫಿ ಅನ್ನೋ ಎಂಜಿನಿಯರ್‌ದು. ಇಲ್ಲಿ ಒಂದೇ ಬೀದಿಲಿ ಕನ್ನಡ, ತಮಿಳು, ತೆಲುಗು, ಉರ್ದು ನಾಲ್ಕೂ ಕೇಳುತ್ತೆ. ಇದೆಲ್ಲ ಯಾಕೆ ಹೇಳ್ತಿದ್ದೀನಿ ಅಂದ್ರೆ, ನಾವು ಓಡಾಡೋ ಈ ನೆಲವೇ ಒಂದು ಕಾಲದಲ್ಲಿ ಬೇರೆಯವರು ಗೆರೆ ಎಳೆದು ಮಾಡಿದ ‘ರೀಜನ್’ ಆಗಿತ್ತು.

1809ರಲ್ಲಿ ಬ್ರಿಟಿಷ್ ಸೇನೆ ಶ್ರೀರಂಗಪಟ್ಟಣ ಬಿಟ್ಟು ಹಲಸೂರಿನ ಸುತ್ತಮುತ್ತ ನೆಲೆಯೂರಿತು. ಅದೇ ಕಂಟೋನ್ಮೆಂಟ್. 1881ರಲ್ಲಿ ಮೈಸೂರು ರಾಜ್ಯವನ್ನ ಒಡೆಯರಿಗೆ ವಾಪಸ್ ಕೊಟ್ಟಾಗ ಬ್ರಿಟಿಷರು ಈ ಭಾಗವನ್ನ ಮಾತ್ರ ತಮ್ಮ ಕೈಲೇ ಇಟ್ಟುಕೊಂಡರು. ಹೆಸರು ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್. ಪೇಟೆ ಕಡೆ ಮಹಾರಾಜರು, ದಿವಾನರು. ಈ ಕಡೆ ಬ್ರಿಟಿಷ್ ರೆಸಿಡೆಂಟ್, ಈಗಿನ ರಾಜಭವನದಲ್ಲಿ ಕೂತು. ಒಂದೇ ಊರು, ಎರಡು ಆಡಳಿತ.

ಆ ಕಡೆ ದಿವಾನ್ ರಂಗಾಚಾರ್ಲು 1881ರಲ್ಲೇ ಪ್ರಜಾಪ್ರತಿನಿಧಿ ಸಭೆ ಶುರು ಮಾಡಿದ್ರು. ಆ ಸಭೆಗೆ ಕಾನೂನು ಮಾಡೋ ಅಧಿಕಾರ ಇರಲಿಲ್ಲ, ಅಹವಾಲು ಹೇಳಬಹುದಿತ್ತು ಅಷ್ಟೇ. ಅಂದ್ರೆ ಕಾಗದ ಇತ್ತು, ಬಟನ್ ಇರಲಿಲ್ಲ. ಅಷ್ಟಾದರೂ ಸರ್ಕಾರದ ಎದುರು ನಿಂತು ಕೇಳೋ ಒಂದು ಜಾಗ ಅದು. ಈ ಕಡೆ ಕೊನೇ ಮಾತು ರೆಸಿಡೆಂಟರದ್ದೇ.

ನಮ್ಮ ಆಟದ ಭಾಷೇಲಿ ಹೇಳೋದಾದ್ರೆ, ಯಾರ ಮತದಿಂದಲೂ ಬರದ, ಯಾರ ಮತದಿಂದಲೂ ಇಳಿಯದ ಫೌಂಡರ್. 1947ರ ಜುಲೈ 26ರಂದು, ಸ್ವಾತಂತ್ರ್ಯಕ್ಕೆ ಮೂರು ವಾರ ಇರೋವಾಗ, ಸ್ಟೇಷನ್ ಮೈಸೂರಿಗೆ ಮರಳಿತು. 1949ರಲ್ಲಿ ಪೇಟೆ, ಕಂಟೋನ್ಮೆಂಟ್ ಎರಡೂ ಸೇರಿ ಒಂದೇ ನಗರಪಾಲಿಕೆ ಆಯ್ತು.

ಹೋಲಿಕೆ ಇಲ್ಲಿಗೇ ನಿಲ್ಲಿಸ್ತೀನಿ. ಆಟದಲ್ಲಿ ಬೇಜಾರಾದ್ರೆ ಟ್ಯಾಬ್ ಮುಚ್ಚಬಹುದು. ಇಲ್ಲಿ ಬದುಕಿದವರಿಗೆ ಆ ಅನುಕೂಲ ಇರಲಿಲ್ಲ.

9/10

ಈಗ ನನ್ನ ಕಥೆ.

2020ರ ಮಾರ್ಚ್ 25ಕ್ಕೆ ಲಾಕ್‌ಡೌನ್. ಮನೆಲಿ ಒಂದೇ ಫೋನು, ಅದರಲ್ಲೇ ಆನ್‌ಲೈನ್ ಕ್ಲಾಸು, ಅದರಲ್ಲೇ ಅಪ್ಪನ ಕೆಲಸದ ಕರೆ. ಸಂಜೆ ನಂಗೆ ಒಂದು ಗಂಟೆ ಸಿಗೋದು. ಆ ಒಂದು ಗಂಟೆ ನಮ್ಮ ಐದು ದೇಶ. ಫೌಂಡರ್ ನಾನು.

ಮೊದಲ ಎರಡು ತಿಂಗಳು ಎಂಥ ಖುಷಿ! ಒಬ್ಬ ವಿದೇಶಾಂಗ ಮಂತ್ರಿ, ಒಬ್ಬ ಪತ್ರಿಕೆ ಸಂಪಾದಕ. ಗೆಳತಿಯೊಬ್ಬಳು, ಇಲ್ಲಿ ‘ಅವಳು’ ಅಂತಷ್ಟೇ ಕರೀತೀನಿ, ಕಾನೂನು ಬರೆಯೋಕೆ ಕೂತಳು. ಹಳೇ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆದು ಫೋಟೋ ಕಳಿಸೋಳು. ಏಳನೇ ಕಲಮು ಹೀಗಿತ್ತು: ಐವರಲ್ಲಿ ಮೂವರು ಒಪ್ಪದೆ ಫೌಂಡರ್ ಯಾರನ್ನೂ ಹೊರಗೆ ಹಾಕಬಾರದು.

ನಂಗೆ ಸಿಟ್ಟು ಬಂತು. ‘ನಾನೇನು ಯಾರನ್ನಾದ್ರೂ ಹಾಕಿದ್ದೀನಾ?’ ಅಂದೆ.

‘ಹಾಕಿಲ್ಲ ಕಣೋ, ಅದಕ್ಕೇ ಈಗ ಬರೀಬೇಕು. ಹಾಕಿದ ಮೇಲೆ ಬರೆದ್ರೆ ಅದು ನಿನ್ನ ಮೇಲಿನ ಕೇಸ್ ಆಗುತ್ತೆ’ ಅಂದಳು.

ಮತಕ್ಕೆ ಹಾಕಿದ್ವಿ. ನಾಲ್ಕು, ಒಂದು. ಆ ಒಂದು ನಂದು. ಉಳಿದ ಮೂವರೂ ಅವಳ ಕಡೆ ನಿಂತಿದ್ದು ನಂಗೆ ತಡೆಯೋಕಾಗಲಿಲ್ಲ. ನಾನು ಮಾಡಿದ ರೀಜನ್ನು, ನಾನು ಬರೆದ ಬಾವುಟ, ಇವರೆಲ್ಲ ನಾನು ಕರೆದಿದ್ದಕ್ಕೆ ಬಂದೋರು. ರಾತ್ರಿ ಎಲ್ರೂ ಮಲಗಿದ ಮೇಲೆ ಅಪ್ಪನ ಫೋನ್ ತಗೊಂಡು ಬಟನ್ ಒತ್ತಿದೆ. ಹೊರಹಾಕು, ಬ್ಯಾನ್ ಮಾಡು. ಎರಡು ಸೆಕೆಂಡ್ ಕೂಡ ಆಗಲಿಲ್ಲ. ಆಗಲೇ ಹೇಳಿದ್ನಲ್ಲ, ಫೌಂಡರ್‌ಗೆ ಖರ್ಚೇ ಇಲ್ಲ.

ಬೆಳಿಗ್ಗೆ ಅವಳ ದೇಶ ತಿರಸ್ಕೃತರ ಲೋಕದಲ್ಲಿತ್ತು. ಅವಳು ಗ್ರೂಪಲ್ಲಿ ಒಂದು ಸ್ಕ್ರೀನ್‌ಶಾಟ್ ಹಾಕಿದಳು, ಏನೂ ಬರೆಯಲಿಲ್ಲ. ನಾನು ‘ಜೋಕ್ ಕಣೇ’ ಅಂದೆ. ಅವಳು ಗ್ರೂಪ್ ಬಿಟ್ಟಳು. ಶಾಲೆ ಮತ್ತೆ ತೆರೆದಾಗ ಒಂದೇ ಸಾಲಿನ ಬೆಂಚಲ್ಲಿ ಕೂತು, ನನ್ನ ಕಡೆ ತಿರುಗಿ ನೋಡ್ತಿರಲಿಲ್ಲ.

ಅವಳಿಗೆ ಬೇಜಾರಾಗಿದ್ದು ದೇಶ ಹೋಯ್ತು ಅಂತಲ್ಲ. ಮತ ಹಾಕಿ ಗೆದ್ದ ರಾತ್ರಿಯೇ ಸೋತವನು ಅವಳನ್ನ ಇಲ್ಲ ಅನಿಸಿಬಿಟ್ಟ ಅಂತ. ಇದನ್ನ ನಾನು ಊಹಿಸಿ ಹೇಳ್ತಿಲ್ಲ. ಹೋದ ತಿಂಗಳು ಅವಳೇ ಹೇಳಿದ್ದು.

10/10

ಆಮೇಲೆ ಏನಾಯ್ತು? ಏನೂ ಆಗಲಿಲ್ಲ, ಅದೇ ಸಮಸ್ಯೆ. ಉಳಿದ ಮೂವರಲ್ಲಿ ಯಾರೂ ಜಗಳ ಆಡಲಿಲ್ಲ. ಲಾಗಿನ್ ಆಗೋದು ನಿಲ್ಲಿಸಿದ್ರು ಅಷ್ಟೇ. 28 ದಿನಕ್ಕೆ ಒಂದು ದೇಶ ಹೋಯ್ತು, ಅದರ ವಾರಕ್ಕೆ ಇನ್ನೊಂದು. ಕೊನೆಗೆ ನಾನೊಬ್ಬನೇ ಚಕ್ರವರ್ತಿ, ಬೀದಿ ನಾಯಿಯ ಬಾವುಟ ಹಿಡ್ಕೊಂಡು. ಒಂದು ದಿನ ನಾನೂ ಮರೆತೆ.

ದೊಡ್ಡ ಚರಿತ್ರೆ ಓದೋವಾಗ ನನಗೆ ಅರ್ಥ ಆಗಿದ್ದು ಇದು. ಇಂಥ ದೇಶಕ್ಕೆ ನೆಲ ಇಲ್ಲ, ಸೈನ್ಯ ಇಲ್ಲ, ಇರೋದು ಬಂದು ಹೋಗೋ ಜನ. ಬಟನ್‌ನಿಂದ ಒಬ್ಬರನ್ನ ಹೊರಗೆ ಹಾಕಬಹುದು, ಉಳಿದವರನ್ನ ಒಳಗೆ ಇಟ್ಟುಕೊಳ್ಳೋಕೆ ಆಗಲ್ಲ. ನಾರ್ತ್ ಪೆಸಿಫಿಕ್‌ನವರು ನಾಲ್ಕು ತಿಂಗಳಿಗೊಮ್ಮೆ ಮಾಡೋದನ್ನ ನಾನು ಒಂದು ರಾತ್ರಿ ಮಾಡಬೇಕಿತ್ತು. ಸೋತಿದ್ದೀನಿ ಅಂತ ಒಪ್ಪಿಕೊಂಡು ಮಲಗಬೇಕಿತ್ತು.

ಇದನ್ನ ನೀವು ಆಟ ಅಂತ ಪಕ್ಕಕ್ಕಿಡಬೇಡಿ. ನಿಮ್ಮ ಕ್ಲಾಸ್ ಗ್ರೂಪಿಗೆ ಅಡ್ಮಿನ್ ಯಾರು? ಫೆಸ್ಟ್ ಕಮಿಟಿಯ ದುಡ್ಡಿನ ಖಾತೆ ಯಾರ ಹೆಸರಲ್ಲಿದೆ? ಬೀದಿಯ ಗಣೇಶ ಮಂಡಳಿಯ ಪಟ್ಟಿ ಯಾರ ಹತ್ರ ಇದೆ? ಕೇಳಿ. ಜಗಳ ಆದ ಮೇಲೆ ಅಲ್ಲ, ಎಲ್ಲಾ ಚೆನ್ನಾಗಿರೋವಾಗಲೇ ಕೇಳಿ. ಬಟನ್ ಯಾರ ಕೈಲಿದೆ, ಅದನ್ನ ಒತ್ತೋಕೆ ಮುಂಚೆ ಅವರು ಯಾರನ್ನ ಕೇಳ್ಬೇಕು, ಅವರು ಹೋದ ಮೇಲೆ ಯಾರು. ಮೂರೇ ಪ್ರಶ್ನೆ.

ಕೊನೇ ಫೋಟೋ ಅವಳ ನೋಟ್‌ಬುಕ್ಕಿನ ಆ ಹಿಂದಿನ ಪುಟ. ಇನ್ನೂ ಇಟ್ಟುಕೊಂಡಿದ್ದಾಳೆ. ಈ ಹತ್ತೂ ಕ್ಯಾಪ್ಷನ್ ಅವಳು ಓದಿ ಒಪ್ಪಿದ ಮೇಲೇ ಹಾಕ್ತಿದ್ದೀನಿ. ಒಂದು ಕಡೆ ತಿದ್ದಿದಳು: ಒಂದು ವರ್ಷ ಮಾತಾಡಲಿಲ್ಲ ಅಂತ ಬರೆದಿದ್ದೆ, ‘ಒಂದೂವರೆ’ ಅಂತ ಮಾಡಿದಳು.

ಆಟದಲ್ಲಿ ‘ಲ್ಯಾಜರಸ್’ ಅಂತ ಒಂದು ರೀಜನ್ ಇದೆ. ಬೈಬಲ್‌ನಲ್ಲಿ ಸತ್ತು ಎದ್ದು ಬಂದವನ ಹೆಸರು. ಇಲ್ಲವಾದ ದೇಶಕ್ಕೆ ಮತ್ತೆ ಜೀವ ಕೊಟ್ರೆ ಅದು ಎದ್ದು ಬರೋಕೆ ಅಂತ ಮಾಡಿರೋ ಜಾಗ. ‘ಮತ್ತೆ ಶುರು ಮಾಡೋಣ್ವಾ?’ ಅಂತ ಅವಳನ್ನ ಕೇಳಿದೆ.

‘ಕಾನೂನು ನಾನು ಬರೀತೀನಿ. ಈ ಸಲ ಫೌಂಡರ್ ಯಾರು ಅಂತ ಮೊದಲು ಹೇಳು’ ಅಂದಳು.

ಇನ್ನೂ ಉತ್ತರ ಕೊಟ್ಟಿಲ್ಲ. ನಾನಂತೂ ಅಲ್ಲ, ಅಷ್ಟು ಗೊತ್ತು. ನೀವಾಗಿದ್ರೆ ಹೇಗೆ ಆರಿಸ್ತಿದ್ರಿ, ಕಮೆಂಟಲ್ಲಿ ಹೇಳಿ. ಅವಳೂ ಓದ್ತಾಳೆ.

#ಮರ್ಫಿಟೌನ್ #ಆಟದದೇಶ #ಬಟನ್ಯಾರಕೈಲಿದೆ #ಕನ್ನಡದಲ್ಲಿಚರಿತ್ರೆ